ಮನೆಯ ಕಂಪ್ಯೂಟರಿನ ಕಡತಗಳ ಬ್ಯಾಕಪ್: ಹೊಸ ಯಂತ್ರಕ್ಕೆ ಹೋಗುವ ಮುನ್ನ ಏನು ವ್ಯವಸ್ಥೆ ಮಾಡಿಕೊಳ್ಳಬೇಕು?

ಪ್ರಶ್ನೆ: ಮುಲುಂಡ್ ನಿವಾಸಿ, ಮುಂಬಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ ಇಂದಿಗೂ ವಿಂಡೋಸ್ 10ರಲ್ಲಿ ನಡೆಯುತ್ತಿದೆ. ಆ ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರವೂ ವಿಂಡೋಸ್ 11ಕ್ಕೆ ಅರ್ಹವಲ್ಲವಾದ್ದರಿಂದ ಮಳೆಗಾಲಕ್ಕೆ ಮೊದಲು ಒಂದು ಲ್ಯಾಪ್‌ಟಾಪ್ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಕಡತಗಳನ್ನು ಹೊಸ ಯಂತ್ರಕ್ಕೆ ಸಾಗಿಸುವ ಈ ಸಂದರ್ಭದಲ್ಲೇ ಬ್ಯಾಕಪ್ಪಿನ ವ್ಯವಸ್ಥೆಯನ್ನೂ ಒಮ್ಮೆ ಸರಿಯಾಗಿ ಮಾಡಿಬಿಡಬೇಕೆಂಬುದು ನನ್ನ ಅಪೇಕ್ಷೆ.

ಒಟ್ಟು ಕಡತಗಳು ಸುಮಾರು 420 ಜಿಬಿಯಷ್ಟಿವೆ. ಅದರಲ್ಲಿ ಹೆಚ್ಚಿನ ಪಾಲು 2004ರಿಂದ ಈಚೆಗಿನ ಕುಟುಂಬದ ಛಾಯಾಚಿತ್ರಗಳು ಮತ್ತು ವಿಡಿಯೋಗಳು. ಉಳಿದಂತೆ ಫ್ಲ್ಯಾಟಿನ ಕರಾರುಪತ್ರ, ಸೊಸೈಟಿಯ ಷೇರು ಪ್ರಮಾಣಪತ್ರ, ಆದಾಯ ತೆರಿಗೆಯ ಕಾಗದಪತ್ರ, ಮಕ್ಕಳ ಅಂಕಪಟ್ಟಿ ಇವುಗಳ ಸ್ಕ್ಯಾನ್ ಪ್ರತಿಗಳಿವೆ. ನಮ್ಮ ಉಪನಗರದ ಕನ್ನಡ ಸಂಘದ ವಾರ್ಷಿಕ ಸಂಚಿಕೆಗಳ ಮೂಲ ಕಡತಗಳೂ ನನ್ನ ಬಳಿಯೇ ಇವೆ. ಇವು ಬರಹ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚಾಗಿ ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದವು. ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಳೆಗಳ ಒಂದು ದೊಡ್ಡ ಡಬ್ಬಿ ಸಿಡಿಗಳೂ ಇವೆ.

ಈಗಿನ ಏರ್ಪಾಡು ಹೀಗಿದೆ. ಸಿಪಿಯು ಹಿಂಬದಿಗೆ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸದಾ ಜೋಡಿಸಿಯೇ ಇರುತ್ತದೆ. ಕಂಪ್ಯೂಟರಿನಲ್ಲಿ ಜಾಗ ಸಾಲದಾದಾಗ 2015ಕ್ಕೆ ಹಿಂದಿನ ಚಿತ್ರಗಳನ್ನೆಲ್ಲ ಅದಕ್ಕೆ ವರ್ಗಾಯಿಸಿದ್ದೇನೆ. ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಫೋಲ್ಡರುಗಳು ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವಿಗೆ ಹೋಗುತ್ತಿವೆ, ಆದರೆ 5 ಜಿಬಿ ತುಂಬಿದೆ ಎಂಬ ಸೂಚನೆ ಬರುತ್ತಲೇ ಇದೆ. ಮೊಬೈಲಿನ ಚಿತ್ರಗಳು ಗೂಗಲ್ ಫೋಟೋಸ್‌ನಲ್ಲಿವೆ, ಅಲ್ಲಿಯೂ 15 ಜಿಬಿ ತುಂಬುತ್ತ ಬಂದಿದೆ. ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ ಎಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಅಂಗಡಿಯವರು 4 ಟಿಬಿಯ ಒಂದು ಡ್ರೈವ್ ತೆಗೆದುಕೊಳ್ಳಿ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ, ಪ್ರತಿ ಮಾಡಿದ ಮೇಲೆ ಅದು ನಿಜಕ್ಕೂ ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕೊತ್ರೂಡ್ ಕನ್ನಡಿಗ, ಪುಣೆ

ನಮಸ್ಕಾರ ಸರ್. ಹಿಂಜವಡಿಯ ಒಂದು ಸಂಸ್ಥೆಯಲ್ಲಿ ಸರ್ವರುಗಳ ನಿರ್ವಹಣೆ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ, ಕ್ಷಮಿಸಿ.

ಡ್ರೈವ್ ಕೊಳ್ಳುವ ಮಾತು ಆಮೇಲೆ ಇರಲಿ. ನಿಮ್ಮ 2015ಕ್ಕೆ ಹಿಂದಿನ ಚಿತ್ರಗಳು ಈಗ ಆ ಒಂದೇ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಮಾತ್ರ ಇವೆ. ಅಂದರೆ ಅವುಗಳ ಮಟ್ಟಿಗೆ ಆ ಡಿಸ್ಕು ಬ್ಯಾಕಪ್ ಅಲ್ಲ, ಅದೇ ಮೂಲ ಪ್ರತಿ. ಬೇರೆ ಡ್ರೈವಿಗೆ ಸಾಗಿಸಿದ್ದೇವೆ ಎಂಬ ಸಮಾಧಾನದಲ್ಲಿ ಕಂಪ್ಯೂಟರಿನಿಂದ ಅಳಿಸಿಬಿಡುವುದು ಬಹಳ ಮನೆಗಳಲ್ಲಿ ನಡೆಯುತ್ತದೆ, ಮತ್ತು ಡೇಟಾ ರಿಕವರಿ ಅಂಗಡಿಗಳಿಗೆ ಹೋಗುವ ಡಿಸ್ಕುಗಳಲ್ಲಿ ಹೆಚ್ಚಿನವು ಇಂಥವೇ ಎಂಬುದು ನನ್ನ ಅಂದಾಜು. ಆದ್ದರಿಂದ ಹೊಸ ಲ್ಯಾಪ್‌ಟಾಪ್ ಬರುವ ತನಕ ಕಾಯದೆ, ಈ ವಾರವೇ ಆ ಚಿತ್ರಗಳ ಇನ್ನೊಂದು ಪ್ರತಿಯನ್ನು ಎಲ್ಲಿಯಾದರೂ ಮಾಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಆ ಡಿಸ್ಕಿನ ಆರೋಗ್ಯವನ್ನೂ ನೋಡಬಹುದು. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳಲ್ಲಿ ಹಳದಿ ಬಣ್ಣ ಕಂಡರೆ ಬೇರೆಲ್ಲ ಕೆಲಸ ಬಿಟ್ಟು ಪ್ರತಿ ಮಾಡಿಕೊಳ್ಳಿ. ಎಲ್ಲವೂ ನೀಲಿಯಾಗಿದ್ದರೆ ಡಿಸ್ಕು ಗಟ್ಟಿಮುಟ್ಟಾಗಿದೆ ಎಂದು ಅರ್ಥವಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಬೆಳಿಗ್ಗೆ ಏಳದಿರುವ ಡಿಸ್ಕುಗಳೂ ಸಾಕಷ್ಟಿವೆ.

ಎರಡನೆಯದು ಒನ್‌ಡ್ರೈವ್. ಅದು ಮಾಡುತ್ತಿರುವುದು ಸಿಂಕ್, ಅಂದರೆ ಎರಡು ಕಡೆಯನ್ನೂ ಒಂದೇ ಸ್ಥಿತಿಯಲ್ಲಿಡುವ ಕೆಲಸ. ನೀವು ಇಲ್ಲಿ ಒಂದು ಫೋಲ್ಡರನ್ನು ಅಳಿಸಿದರೆ ಅದು ಅಲ್ಲಿಯೂ ಅಳಿಯುತ್ತದೆ. ಮೊಮ್ಮಕ್ಕಳು ಆಟವಾಡುತ್ತ ಒಂದು ಕಡತವನ್ನು ಬರಿದು ಮಾಡಿ ಉಳಿಸಿದರೆ ಆ ಬರಿದಾದ ಕಡತವೇ ಅಲ್ಲಿಗೂ ಹೋಗುತ್ತದೆ. ಅಳಿಸಿದ್ದು ವೈಯಕ್ತಿಕ ಖಾತೆಯಲ್ಲಾದರೆ 30 ದಿನ ರಿಸೈಕಲ್ ಬಿನ್‌ನಲ್ಲಿ ಸಿಗುತ್ತದೆ, ಆದರೆ ವರ್ಷಕ್ಕೊಮ್ಮೆ ತೆರೆಯುವ ವಾರ್ಷಿಕ ಸಂಚಿಕೆಯ ಫೋಲ್ಡರು ಕಾಣೆಯಾದುದು 30 ದಿನದೊಳಗೆ ಯಾರ ಗಮನಕ್ಕೂ ಬರುವುದಿಲ್ಲ. ಜೊತೆಗೆ ನಿಮ್ಮ 5 ಜಿಬಿ ತುಂಬಿರುವುದರಿಂದ ಆಮೇಲೆ ಸೇರಿದ ಕಡತಗಳು ಮೇಲಕ್ಕೆ ಹೋಗಿಯೇ ಇಲ್ಲ. ಕಡತದ ಪಕ್ಕದಲ್ಲಿ ಮೋಡದ ಚಿಹ್ನೆ ಮಾತ್ರ ಇದ್ದರೆ ಆ ಕಡತ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಕ್ಲೌಡಿನಲ್ಲಿ ಮಾತ್ರ ಇದೆ. ಹಸಿರು ಗುರುತು ಇದ್ದರೆ ಇಲ್ಲಿಯೂ ಇದೆ. ಹಳೆಯ ಯಂತ್ರವನ್ನು ಬಿಡುವ ಮುನ್ನ ಇಡೀ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, ಸದಾ ಈ ಸಾಧನದಲ್ಲಿ ಇರಿಸುವ ಆಯ್ಕೆಯನ್ನು ಕೊಟ್ಟು, ಎಲ್ಲವೂ ಹಸಿರಾಗುವ ತನಕ ಕಾಯಿರಿ.

ಮೂರನೆಯದು, ಡಿಸ್ಕು ಸದಾ ಜೋಡಿಸಿಯೇ ಇರುವುದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ನೆನಪಿರಬಹುದು. ಆ ಜಾತಿಯವು ಕಂಪ್ಯೂಟರಿಗೆ ಹೊಕ್ಕ ಕೂಡಲೇ ಕೈಗೆ ಸಿಗುವ ಎಲ್ಲ ಡ್ರೈವುಗಳ ಕಡತಗಳಿಗೂ ಬೀಗ ಜಡಿಯುತ್ತವೆ. ಜೋಡಿಸಿಟ್ಟ ಬ್ಯಾಕಪ್ ಡಿಸ್ಕಿಗೂ ರಿಯಾಯಿತಿ ಇಲ್ಲ. ವಿದ್ಯುತ್ತಿನ ಏರಿಳಿತದ ಹೊಡೆತ ಬಿದ್ದರೂ ಎರಡಕ್ಕೂ ಒಟ್ಟಿಗೇ ಬೀಳುತ್ತದೆ. ಬ್ಯಾಕಪ್ ಡಿಸ್ಕು ಪ್ರತಿ ಮಾಡುವಾಗ ಮಾತ್ರ ಜೋಡಣೆಯಲ್ಲಿದ್ದು, ಉಳಿದ ಹೊತ್ತು ಕಪಾಟಿನಲ್ಲಿರಬೇಕು.

ಈ ಕ್ಷೇತ್ರದಲ್ಲಿ 3-2-1 ಎಂಬ ಒಂದು ಸೂತ್ರವಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅದನ್ನು ಪ್ರಚಾರಕ್ಕೆ ತಂದವರು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ. ಮನೆಯ ಹೊರಗೆ ಏಕೆಂದು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಕಂಪ್ಯೂಟರೂ ಅದರ ಪಕ್ಕದ ಕಪಾಟೂ ಒಂದೇ ನೀರಿನಲ್ಲಿ ನಿಂತಿದ್ದವು.

ನಿಮ್ಮ ಮನೆಗೆ ಇದನ್ನು ಅನ್ವಯಿಸಿದರೆ, ಅಂಗಡಿಯವರು ಹೇಳಿದ 4 ಟಿಬಿಯ ಒಂದು ಡ್ರೈವಿಗಿಂತ 2 ಟಿಬಿಯ ಎರಡು ಡ್ರೈವುಗಳು ಒಳ್ಳೆಯವು. ಸಾಧ್ಯವಾದರೆ ಎರಡನ್ನೂ ಒಂದೇ ದಿನ ಒಂದೇ ಕಂಪನಿಯದು ಕೊಳ್ಳಬೇಡಿ, ಒಂದೇ ಕಂತಿನಲ್ಲಿ ತಯಾರಾದವು ಒಂದೇ ಕಾಲಕ್ಕೆ ಕೈಕೊಡುವ ಸಂಭವ ಇದೆ. ಒಂದು ಮನೆಯಲ್ಲಿ ಇರಲಿ, ಇನ್ನೊಂದು ನಂಬಿಕೆಯ ಬೇರೊಂದು ಮನೆಯಲ್ಲಿ ಇರಲಿ, ಕೆಲವು ತಿಂಗಳಿಗೊಮ್ಮೆ ಅದಲುಬದಲು ಮಾಡಿ. ಅಂದಹಾಗೆ, 1 ಟಿಬಿ ಎಂದು ಬರೆದಿರುವ ಡ್ರೈವು ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸುವುದರಿಂದ ಹಾಗೆ, ಮೋಸವೇನಿಲ್ಲ.

ಹೊಸ ಲ್ಯಾಪ್‌ಟಾಪಿನಲ್ಲಿ ಪ್ರತಿ ಮಾಡಲು ಹಣ ಕೊಟ್ಟು ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ಎಂಬ ಸೌಲಭ್ಯ ವಿಂಡೋಸ್ 8ರ ಕಾಲದಿಂದ ಇದೆ, 11ರಲ್ಲಿಯೂ ಇದೆ. ಕಡತ ಬದಲಾದಾಗಲೆಲ್ಲ ಹೊಸ ಆವೃತ್ತಿಯನ್ನು ಸೇರಿಸುತ್ತ, ಹಳೆಯದನ್ನೂ ಉಳಿಸಿಕೊಳ್ಳುವುದು ಅದರ ಗುಣ. ಆದರೆ ಅದು ಡೆಸ್ಕ್‌ಟಾಪಿನಂಥ ಕೆಲವು ನಿಗದಿತ ಫೋಲ್ಡರುಗಳನ್ನೂ ಲೈಬ್ರರಿಗಳಿಗೆ (ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ವಿಂಡೋಸಿನ ಫೋಲ್ಡರು ಗುಂಪುಗಳಿಗೆ) ಸೇರಿದವನ್ನೂ ಮಾತ್ರ ನೋಡುತ್ತದೆ. ಡಿ ಡ್ರೈವಿನಲ್ಲಿ ನೀವೇ ಒಂದು ಫೋಲ್ಡರು ಮಾಡಿಕೊಂಡಿದ್ದರೆ ಅದನ್ನು ಲೈಬ್ರರಿಗೆ ಸೇರಿಸದ ಹೊರತು ಅದು ಹೊರಗೇ ಉಳಿಯುತ್ತದೆ. ಕೆಲವರು ವಿಂಡೋಸಿನಲ್ಲೇ ಇರುವ, ಪ್ರತಿ ಮಾಡುವ ಆದೇಶವಾದ ರೋಬೋಕಾಪಿಯ ಮಿರರ್ ಆಯ್ಕೆಯನ್ನು ಸಲಹೆ ಮಾಡುತ್ತಾರೆ. ಕೆಲಸ ಚುರುಕೇನೋ ಹೌದು, ಆದರೆ ಮೂಲದಲ್ಲಿ ಇಲ್ಲದ್ದನ್ನು ಅದು ಪ್ರತಿಯಿಂದಲೂ ಅಳಿಸುತ್ತದೆ, ಮೂಲ ಮತ್ತು ಗುರಿಯ ಹೆಸರನ್ನು ಹಿಂದುಮುಂದಾಗಿ ಕೊಟ್ಟರಂತೂ ಖಾಲಿ ಡ್ರೈವಿನ ಖಾಲಿತನವನ್ನೇ ನಿಮ್ಮ ಚಿತ್ರಗಳ ಮೇಲೆ ಹರಡುತ್ತದೆ. ಮನೆಯ ಬಳಕೆಗೆ ಅದನ್ನು ನಾನು ಹೇಳುವುದಿಲ್ಲ.

ನಿಮ್ಮ ಮಗನ ಸಲಹೆಯೂ ತಪ್ಪಲ್ಲ, ಕ್ಲೌಡು ಮನೆಯ ಹೊರಗಿನ ಪ್ರತಿಯಾಗಬಲ್ಲದು. ಆದರೆ ಲೆಕ್ಕ ಹಾಕಿ ನೋಡಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್, ಅಂದರೆ ಸುಮಾರು 2.5 ಎಂಬಿ) ಇದ್ದರೆ 420 ಜಿಬಿ ಮೇಲಕ್ಕೆ ಹೋಗಲು ಎಡೆಬಿಡದೆ ಸುಮಾರು ಎರಡು ದಿನ ಬೇಕು. ಅದೇ ಗಾತ್ರವನ್ನು ಯುಎಸ್‌ಬಿ 3 ಕಿಂಡಿಯ ಮೂಲಕ ಸೆಕೆಂಡಿಗೆ 100 ಎಂಬಿಯಂತೆ ಡಿಸ್ಕಿಗೆ ಇಳಿಸಿದರೆ ಒಂದೂಕಾಲು ಗಂಟೆಯೊಳಗೆ ಮುಗಿಯುತ್ತದೆ (ಸಣ್ಣ ಸಣ್ಣ ಕಡತಗಳು ಹೆಚ್ಚಿದ್ದರೆ ಇನ್ನಷ್ಟು ಹೊತ್ತು). ಚಂದಾ ಕಟ್ಟುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನೂ ಓದಿಕೊಳ್ಳಿ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ನಿಲ್ಲಿಸಿತು, ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಕ್ರಮವನ್ನೂ ಗೂಗಲ್ 2023ರಿಂದ ಆರಂಭಿಸಿದೆ. ಕಾಗದಪತ್ರಗಳ ಸ್ಕ್ಯಾನ್ ಮತ್ತು ಸಂಘದ ಕಡತಗಳಂಥ ಹಗುರವಾದ, ಕಳೆದುಕೊಂಡರೆ ತೊಂದರೆಯಾಗುವ ವಸ್ತುಗಳಿಗೆ ಕ್ಲೌಡು, ಭಾರವಾದ ವಿಡಿಯೋಗಳಿಗೆ ಡಿಸ್ಕು ಎಂಬ ಹಂಚಿಕೆ ನನಗೆ ಒಪ್ಪಿಗೆ.

ಪ್ರತಿ ಸರಿಯಾಗಿದೆಯೇ ಎಂದು ತಿಳಿಯಲು ಇರುವ ದಾರಿ ಅದನ್ನು ತೆರೆದು ನೋಡುವುದು. ಹಳೆಯ ಯಂತ್ರದಿಂದ ನೇರವಾಗಿ ಹೊಸದಕ್ಕೆ ಸಾಗಿಸಬೇಡಿ. ಹಳೆಯದರಿಂದ ಬ್ಯಾಕಪ್ ಡಿಸ್ಕಿಗೆ, ಅಲ್ಲಿಂದ ಹೊಸದಕ್ಕೆ ಇಳಿಸಿ. ಆಗ ಬ್ಯಾಕಪ್ಪಿನ ಪರೀಕ್ಷೆಯೂ ತಾನಾಗಿ ಆಗುತ್ತದೆ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆಯನ್ನೂ ಬೈಟುಗಳ ಮೊತ್ತವನ್ನೂ ಹೋಲಿಸಿ, ಆಮೇಲೆ ಬೇರೆ ಬೇರೆ ವರ್ಷಗಳ ಕೆಲವು ಚಿತ್ರಗಳನ್ನೂ ಒಂದೆರಡು ವಿಡಿಯೋಗಳನ್ನೂ ಕೊನೆಯವರೆಗೆ ನೋಡಿ. ಹೊಸ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತ ಕೆಲವೊಮ್ಮೆ ಮರಳಿ ಸಿಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುವುದರಿಂದ ಆ ಆಸೆ ಇಟ್ಟುಕೊಳ್ಳುವಂತಿಲ್ಲ. ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕಿನ ಗೂಢಲಿಪೀಕರಣ (ಕೀ ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕುವುದು) ತಾನಾಗಿಯೇ ಆರಂಭವಾಗಿರಬಹುದು. ಅದರ ರಿಕವರಿ ಕೀ ಖಾತೆಯಲ್ಲಿ ಸಿಗುತ್ತದೆ, 48 ಅಂಕೆಗಳದು, ಮುದ್ರಿಸಿ ಕಾಗದಪತ್ರಗಳ ಜೊತೆ ಇಡಿ.

ಉತ್ತರ: ಫೋಂಡಾ ವಾಸಿ, ಗೋವಾ

ಪುಣೆಯವರು ಹೇಳಿದ್ದು ಬಹುಪಾಲು ಸರಿ. ಕರಾವಳಿಯ ಹವೆಯ ಬಗ್ಗೆ ಒಂದು ಮಾತು ಸೇರಿಸಬೇಕಾಗಿದೆ, ಏಕೆಂದರೆ ಕೊತ್ರೂಡಿನಲ್ಲಿ ಕಪಾಟಿನಲ್ಲಿಟ್ಟ ಡಿಸ್ಕಿಗೂ ಮುಂಬಯಿ ಅಥವಾ ಗೋವಾದಲ್ಲಿ ಕಪಾಟಿನಲ್ಲಿಟ್ಟ ಡಿಸ್ಕಿಗೂ ವ್ಯತ್ಯಾಸವಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸಲು ಹಿಡಿಯುವ ನಮ್ಮ ಊರುಗಳಲ್ಲಿ ಡಿಸ್ಕಿನ ಯುಎಸ್‌ಬಿ ಬಾಯಿ ಮಂಕಾಗಿ, ಜೋಡಿಸಿದರೆ ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಕಾಣಿಸದಂತಾಗುವುದು ಸಾಮಾನ್ಯ. ಹೀಗಾದಾಗ ಡಿಸ್ಕೇ ಕೆಟ್ಟಿತೆಂದು ಬಗೆಯದೆ ಮೊದಲು ಕೇಬಲ್ ಬದಲಿಸಿ ನೋಡಿ. ರಬ್ಬರಿನ ಅಂಚಿರುವ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಿಸ್ಕನ್ನು ಇಟ್ಟರೆ ಸಾಕು. ಬಣ್ಣ ಬದಲಾಗುವ ಜಾತಿಯ ಜೆಲ್ ತಂದರೆ ಯಾವಾಗ ಒಣಗಿಸಬೇಕೆಂದು ತಿಳಿಯುತ್ತದೆ. ಡಿಸ್ಕನ್ನು ತಿಂಗಳಿಗೊಮ್ಮೆಯಾದರೂ ಓಡಿಸಿ. ಎಸ್‌ಎಸ್‌ಡಿಯನ್ನು ಮಾತ್ರ ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಇಡುವ ದಾಸ್ತಾನಿಗೆ ಬಳಸಬೇಡಿ, ಅದರಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿ ಇರುವುದರಿಂದ ಕಾಲಕ್ರಮೇಣ ಸೋರಿಹೋಗುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ.

ಮನೆಯ ಹೊರಗಿನ ಪ್ರತಿಗೆ ನಮ್ಮಂಥವರಿಗೆ ಊರೇ ಇದೆಯಲ್ಲ. ನಮ್ಮದು ಕಾರವಾರದ ಕಡೆಯ ಮನೆ. ಚೌತಿಗೆ ಹೋಗುವಾಗ ಒಂದು ಡಿಸ್ಕು ಹೋಗುತ್ತದೆ, ಅಲ್ಲಿದ್ದದ್ದು ಹಿಂದಿರುಗಿ ಬರುತ್ತದೆ, ಮೇ ತಿಂಗಳ ರಜೆಯಲ್ಲಿ ಮತ್ತೆ ಅದೇ ಕ್ರಮ. ರೈಲಿನಲ್ಲಿ ಅದನ್ನು ಸೂಟ್‌ಕೇಸಿನ ತಳಕ್ಕೆ ಹಾಕದೆ ಬಟ್ಟೆಗಳ ನಡುವೆ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಊರಿಗೆ ಹೋಗುವ ಡಿಸ್ಕಿಗೆ ಇಡಿಯಾಗಿ ಗೂಢಲಿಪಿಯ ಬೀಗ ಹಾಕಬೇಕೆಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಾಳೆ ನಾವಿಲ್ಲದಾಗ ಮನೆಯವರು ಮಕ್ಕಳ ನಾಮಕರಣದ ಚಿತ್ರಗಳನ್ನು ನೋಡಲು ಗುಪ್ತಪದ ಹುಡುಕುವಂತಾಗಬಾರದು. ಕರಾರುಪತ್ರ, ತೆರಿಗೆ, ಬ್ಯಾಂಕಿನ ಕಾಗದಗಳಿಗೆ ವೆರಾಕ್ರಿಪ್ಟಿನಂಥ ಉಚಿತ ತಂತ್ರಾಂಶದಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ ಮಾಡಿ ಅದೇ ಡಿಸ್ಕಿನಲ್ಲಿಡಿ, ಚಿತ್ರಗಳು ಬಯಲಿನಲ್ಲೇ ಇರಲಿ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಬಿಟ್‌ಲಾಕರ್ ಎಂಬ ವಿಂಡೋಸಿನದೇ ಗೂಢಲಿಪಿಯ ಬೀಗ ಹಾಕಿದ ಡ್ರೈವನ್ನು ತೆರೆಯಬಹುದೇ ಹೊರತು ಹೊಸದಾಗಿ ಹಾಕಲು ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಮುಲುಂಡ್ ನಿವಾಸಿ

ಇಬ್ಬರಿಗೂ ಕೃತಜ್ಞತೆಗಳು. 2015ಕ್ಕೆ ಹಿಂದಿನ ಚಿತ್ರಗಳ ಪ್ರತಿ ನಿನ್ನೆ ರಾತ್ರಿಯೇ ಮಗಳ ಲ್ಯಾಪ್‌ಟಾಪಿಗೆ ಆಯಿತು. ಡಿಸ್ಕಿನ ಆರೋಗ್ಯದ ಸೂಚಕವೂ ನೀಲಿಯಾಗಿದೆ. ಈಗ ಸಂಘದ ಸಂಚಿಕೆಗಳ ವಿಷಯದಲ್ಲಿ ಒಂದು ಸಂದೇಹ. ಪರೀಕ್ಷೆಗೆಂದು ಮಗಳ ಯಂತ್ರದಲ್ಲಿ ಹಳೆಯ ಒಂದು ವರ್ಡ್ ಕಡತವನ್ನು ತೆರೆದೆವು, ಪುಟದ ತುಂಬ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣಿಸಿತು. ನಮ್ಮ ಡೆಸ್ಕ್‌ಟಾಪಿನಲ್ಲಿ ಅದೇ ಕಡತ ಸರಿಯಾಗಿ ಕನ್ನಡದಲ್ಲಿ ತೆರೆಯುತ್ತದೆ. ಪ್ರತಿ ಮಾಡುವಾಗ ಕಡತ ಕೆಟ್ಟಿತೇ?

ಉತ್ತರ: ಮಾಟುಂಗಾದ ಡಿಟಿಪಿಯವರು, ಮುಂಬಯಿ

ಕಡತ ಕೆಟ್ಟಿಲ್ಲ, ಅಕ್ಷರಶೈಲಿ ಜೊತೆಗೆ ಬಂದಿಲ್ಲ. ಕನ್ನಡದ ಆಮಂತ್ರಣ, ಸ್ಮರಣ ಸಂಚಿಕೆಗಳ ಕೆಲಸವನ್ನೇ ಮಾಡಿಕೊಂಡಿರುವುದರಿಂದ ಇದು ನನಗೆ ದಿನವೂ ಎದುರಾಗುವ ಸಂಗತಿ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಅಕ್ಷರಶೈಲಿ ಬಂದ ಮೇಲೆಯೂ ಬಹಳ ವರ್ಷಗಳವರೆಗೆ ಮುದ್ರಣದ ಕೆಲಸವೆಲ್ಲ ಬರಹ, ನುಡಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಇವುಗಳ ಹಳೆಯ ಸಂಕೇತಗಳಲ್ಲಿಯೇ ನಡೆಯಿತು, ಏಕೆಂದರೆ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯುತ್ತಿರಲಿಲ್ಲ. ಆ ಕಡತಗಳೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರವನ್ನು ತೊಡಿಸುವುದು ಅಕ್ಷರಶೈಲಿ. ಆದ್ದರಿಂದ ನಿಮ್ಮ ಡೆಸ್ಕ್‌ಟಾಪನ್ನು ಅಳಿಸುವ ಮೊದಲು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಬರಹ ಮತ್ತು ನುಡಿಯ ಎಲ್ಲ ಅಕ್ಷರಶೈಲಿಗಳನ್ನೂ, ನಿಮ್ಮಲ್ಲಿರುವ ಬರಹ ತಂತ್ರಾಂಶದ ಇನ್‌ಸ್ಟಾಲರನ್ನೂ ಸಂಚಿಕೆಗಳ ಫೋಲ್ಡರಿನ ಪಕ್ಕದಲ್ಲೇ ಪ್ರತಿ ಮಾಡಿಡಿ. ಫೈಲ್ ಹಿಸ್ಟರಿ ಈ ಫಾಂಟ್ಸ್ ಫೋಲ್ಡರನ್ನು ಮುಟ್ಟುವುದಿಲ್ಲ, ಕೈಯಿಂದಲೇ ಮಾಡಬೇಕು.

ಪೇಜ್‌ಮೇಕರ್ ಕಡತಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು. ಆ ತಂತ್ರಾಂಶದ ಬೆಳವಣಿಗೆ 7ನೆಯ ಆವೃತ್ತಿಗೆ ನಿಂತುಹೋಯಿತು. ಪುಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನಿನ ಸಿಎಸ್6ರ ತನಕದ ಆವೃತ್ತಿಗಳು ಅವನ್ನು ತೆರೆಯುತ್ತಿದ್ದವು, ಈಗಿನವು ತೆರೆಯುವುದಿಲ್ಲ. ನಿಮ್ಮ ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಪ್ರತಿ ಸಂಚಿಕೆಯನ್ನೂ ತೆರೆದು, ಅಕ್ಷರಶೈಲಿಗಳನ್ನು ಒಳಗೇ ಅಡಕಗೊಳಿಸಿದ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಆ ಪಿಡಿಎಫ್ ಯಾವ ಯಂತ್ರದಲ್ಲಿಯೂ ಅಚ್ಚಾದ ಪುಟದಂತೆಯೇ ಕಾಣುತ್ತದೆ. ಆದರೆ ಅದರೊಳಗೆ ಲೇಖಕರ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಠ್ಯವನ್ನು ನಕಲಿಸಿದರೆ ಮತ್ತೆ ಅದೇ ಕಲಸುಮೇಲೋಗರ. ಹಾಗಾಗಿ ಮುಖ್ಯ ಲೇಖನಗಳನ್ನಾದರೂ ಯೂನಿಕೋಡಿಗೆ ಪರಿವರ್ತಿಸಿ. ಬರಹ ಮತ್ತು ನುಡಿ ಎರಡರಲ್ಲಿಯೂ ಆ ಸೌಲಭ್ಯವಿದೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಮೊದಲು ನೋಡಿ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಕರ್ನಾಟಕ, ಸೂರ್ಯ, ವಾರ್ಷಿಕ ಇಂಥ ಪದಗಳು ಸರಿಯಾಗಿದ್ದರೆ ಉಳಿದದ್ದು ಬಹುಮಟ್ಟಿಗೆ ಸರಿಯಿರುತ್ತದೆ. ಪರಿವರ್ತಿಸಿದ ಮೇಲೂ ಮೂಲವನ್ನು ಅಳಿಸಬೇಡಿ, ಪದ್ಯಗಳ ಸಾಲುಗಳು ಮುರಿದುಹೋಗಿರುವುದು ಎಷ್ಟೋ ದಿನಗಳ ಮೇಲೆ ಕಣ್ಣಿಗೆ ಬೀಳುತ್ತದೆ.

ಉತ್ತರ: ಕೊತ್ರೂಡ್ ಕನ್ನಡಿಗ, ಪುಣೆ

ಅಕ್ಷರಶೈಲಿಯ ವಿಷಯ ನನಗೆ ಹೊಳೆದಿರಲಿಲ್ಲ, ಮಾಟುಂಗಾದವರಿಗೆ ವಂದನೆಗಳು. ಮುಲುಂಡಿನವರ ಸಿಡಿಗಳ ಬಗ್ಗೆ ಯಾರೂ ಹೇಳದ್ದರಿಂದ ಎರಡು ಮಾತು. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವೇ ಇರುವುದಿಲ್ಲ, ಆದ್ದರಿಂದ ಈ ಕೆಲಸವನ್ನೂ ಹಳೆಯ ಡೆಸ್ಕ್‌ಟಾಪಿನಲ್ಲೇ ಮುಗಿಸಿಕೊಳ್ಳಿ. ಮನೆಯಲ್ಲಿ ಬರೆದ ಸಿಡಿಗಳಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ಪದರದಲ್ಲಿ. ಅದು ಬೆಳಕಿಗೂ ತೇವಕ್ಕೂ ಮಾಸುತ್ತದೆ. ಒಂದು ಡ್ರೈವಿನಲ್ಲಿ ಓದಲಾಗದ ಸಿಡಿ ಇನ್ನೊಂದರಲ್ಲಿ ಓದಬರುವುದುಂಟು, ಹಾಗಾಗಿ ಓದದವನ್ನು ಬಿಸಾಡದೆ ಬೇರೆ ಇಟ್ಟುಕೊಂಡು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಯುಎಸ್‌ಬಿಗೆ ಜೋಡಿಸುವ ಒಂದು ಡಿವಿಡಿ ಡ್ರೈವ್ ತಂದು ಮತ್ತೊಮ್ಮೆ ಪ್ರಯತ್ನಿಸಿ. ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ. ಗೀರು ಸುತ್ತಿನ ಉದ್ದಕ್ಕೂ ಬಿದ್ದರೆ ಓದುವುದು ಇನ್ನೂ ಕಷ್ಟವಾಗುತ್ತದೆ. ಇಳಿಸಿಕೊಂಡ ಕಡತಗಳಿಗೆ ಟ್ರ್ಯಾಕ್ 1, ಟ್ರ್ಯಾಕ್ 2 ಎಂಬ ಹೆಸರುಗಳನ್ನೇ ಬಿಡದೆ, ಪ್ರಸಂಗದ ಹೆಸರು, ಸ್ಥಳ, ವರ್ಷ ಮತ್ತು ಅರ್ಥಧಾರಿಗಳ ಹೆಸರನ್ನು ಸಿಡಿಯ ಹೊದಿಕೆಯ ಮೇಲಿದ್ದಂತೆಯೇ ಆಗಲೇ ಬರೆದುಬಿಡಿ.